ಬೇಲಿಸಾಲಿನ ಸಾಗುವಾನಿ

ಸೊರಬ ತಾಲ್ಲೂಕಿನ ಒಂದು ಹಳ್ಳಿ. 2012ರ ಮೇ ತಿಂಗಳು. ಗದ್ದೆಯ ಬದುವಿನುದ್ದಕ್ಕೂ ಸಾಲಾಗಿ ನಿಂತ ಸಾಗುವಾನಿ ಮರಗಳ ನಡುವೆ ನಾಟಾ ವ್ಯಾಪಾರಿಯೊಬ್ಬರು ನಿಧಾನವಾಗಿ ನಡೆಯುತ್ತಿದ್ದರು. ಜೊತೆಗೆ ಬಂದ ಹುಡುಗ ಒಂದೊಂದೇ ಮರಕ್ಕೆ ಟೇಪು ಸುತ್ತಿ ಅಳತೆ ಕೂಗುತ್ತಿದ್ದ. ಇವರು ಅಂಗೈಯಗಲದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅವರ ಹಿಂದೆ ಮರಗಳ ಒಡೆಯರಾದ ಗೌಡರು, ಗೌಡರ ಹಿಂದೆ ಅವರ ಮಗಳು. ಆಕೆ ದ್ವಿತೀಯ ಪಿಯುಸಿ ಮುಗಿಸಿ, ಸಿಇಟಿಯನ್ನೂ ಬರೆದು ಫಲಿತಾಂಶಕ್ಕೆ ಕಾದಿದ್ದಳು. ಎಂಜಿನಿಯರಿಂಗ್ ಸೀಟು ಸಿಕ್ಕೀತೆಂಬ ಭರವಸೆ ಮನೆಯವರಿಗೆಲ್ಲ ಇತ್ತು. ಸಿಕ್ಕಿದರೆ ಶುಲ್ಕ, ಹಾಸ್ಟೆಲು, ಪುಸ್ತಕ ಎಲ್ಲಕ್ಕೂ ಈ ಸಾಲುಮರಗಳೇ ಗತಿ ಎಂದು ಹದಿನೆಂಟು ವರ್ಷಗಳಿಂದ ತೀರ್ಮಾನವಾಗಿತ್ತು. ಆ ಮನೆಯಲ್ಲಿ ಅವುಗಳಿಗೆ ಹೆಸರೇ 'ಪುಟ್ಟಿಯ ಮರಗಳು'.

ಮಗಳು ಹುಟ್ಟಿದ್ದು 1994ರಲ್ಲಿ. ಅದು ಸಾಗುವಾನಿಯ ಹುಚ್ಚು ಹಿಡಿದಿದ್ದ ಕಾಲ. ಪತ್ರಿಕೆಗಳನ್ನು ತೆರೆದರೆ ಅರ್ಧ ಪುಟದ ಜಾಹೀರಾತು: ಇಂದು ಕೆಲವು ಸಾವಿರ ರೂಪಾಯಿ ಕಟ್ಟಿ, ನಿಮ್ಮ ಮಗುವಿನ ಹೆಸರಿನಲ್ಲಿ ನಾವು ಸಾಗುವಾನಿ ಬೆಳೆಸುತ್ತೇವೆ, ಇಪ್ಪತ್ತು ವರ್ಷಕ್ಕೆ ಲಕ್ಷ ಲಕ್ಷ ಎಣಿಸಿಕೊಳ್ಳಿ. ಸಂಬಳದವರು, ನಿವೃತ್ತರು, ಮಗಳ ಮದುವೆಗೆಂದು ಕೂಡಿಟ್ಟವರು ಎಷ್ಟೋ ಮಂದಿ ಕಟ್ಟಿದರು. ಇಂಥ ಕಂಪನಿಗಳನ್ನು ಹತೋಟಿಗೆ ತರಲು ಸೆಬಿ ನಿಯಮಾವಳಿ ಹೊರಡಿಸಿದ್ದು 1999ರಲ್ಲಿ. ಅಷ್ಟು ಹೊತ್ತಿಗೆ ಅನೇಕ ಕಂಪನಿಗಳ ಕಚೇರಿಗೆ ಬೀಗ ಬಿದ್ದಿತ್ತು. ಗೌಡರು ಆ ಬಲೆಗೆ ಬೀಳಲಿಲ್ಲ. ಬೇರೆಯವರು ತಮ್ಮ ನೆಲದಲ್ಲಿ ಬೆಳೆಸುವುದಾದರೆ ನನ್ನ ನೆಲದಲ್ಲಿ ನಾನೇ ಬೆಳೆಸಬಾರದೇಕೆ ಎಂದು ಅರಣ್ಯ ಇಲಾಖೆಯ ನರ್ಸರಿಯಿಂದ ಹೆಬ್ಬೆರಳು ಗಾತ್ರದ ಸ್ಟಂಪುಗಳನ್ನು ತಂದು, ಆ ವರ್ಷದ ಮೊದಲ ಮಳೆಗೆ ಬದುವಿನ ಮೇಲೆ ಅರವತ್ತನ್ನು ಆರಾರು ಅಡಿಗೆ ಊರಿದರು. ಕಂಪನಿಯನ್ನು ನಂಬಲಿಲ್ಲ, ಸರಿ. ಆದರೆ ಜಾಹೀರಾತಿನ 'ಇಪ್ಪತ್ತು ವರ್ಷ' ಮಾತ್ರ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಗಿಡಗಳೇನೋ ಸೊಂಪಾಗಿಯೇ ಎದ್ದವು. ಸಾಗುವಾನಿಯ ಬಾಲ್ಯ ನೋಡಲು ಚಂದ. ಮೊರದಗಲದ ಎಲೆ. ಎಳೆಯ ಎಲೆಯನ್ನು ಅಂಗೈಯಲ್ಲಿಟ್ಟು ಉಜ್ಜಿದರೆ ಮದರಂಗಿ ಹಚ್ಚಿದಂತೆ ಕೆಂಪು. ಮಲೆನಾಡಿನಲ್ಲಿ ಓದಿದ ಮಕ್ಕಳಲ್ಲಿ ಈ ಕೆಂಪನ್ನು ಅಂಗಿಗೆ ಬಳಿದುಕೊಂಡು ಬೈಸಿಕೊಳ್ಳದವರು ಕಡಿಮೆ. ಕರಾವಳಿಯಲ್ಲಿ ಹಲಸಿನ ಗಟ್ಟಿಯನ್ನು ಇದೇ ಎಲೆಯಲ್ಲಿ ಸುತ್ತಿ ಬೇಯಿಸುತ್ತಾರೆ; ಎಲೆಯ ಬಣ್ಣ ಗಟ್ಟಿಗೂ ಹತ್ತುತ್ತದೆ. ನಾವು ತೇಗ, ಸಾಗುವಾನಿ ಎನ್ನುವ ಈ ಮರಕ್ಕೆ ಮಲಯಾಳಿಗಳು 'ತೇಕ್ಕು' ಎನ್ನುತ್ತಾರೆ. ಅದು ಪೋರ್ಚುಗೀಸರ ಬಾಯಲ್ಲಿ 'ತೇಕ' ಆಗಿ, ಇಂಗ್ಲಿಷರಲ್ಲಿ 'ಟೀಕ್' ಆಯಿತು. ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಂತು, ಮಳೆ ಹತ್ತಿರವಾದಂತೆ ಚಿಗುರುವ ಮರ ಇದು. ಈ ಗುಣ ಮುಂದೆ ಪುಟ್ಟಿಯ ಲೆಕ್ಕಕ್ಕೆ ಬಂತು.

ಅಳತೆ ಮುಗಿಯಿತು. ವ್ಯಾಪಾರಿ ಒಂದು ಮರದ ಬುಡದಲ್ಲಿ ಕುಳಿತು ಲೆಕ್ಕ ಹಾಕತೊಡಗಿದರು. ಪುಟ್ಟಿ ಹಿಂದಿನಿಂದ ಬಗ್ಗಿ ನೋಡಿದಳು. ಸುತ್ತಳತೆ 30 ಅಂಗುಲ, ದಿಮ್ಮಿಯ ಉದ್ದ 12 ಅಡಿ ಎಂದಿದ್ದ ಮರದ ಮುಂದೆ ಅವರು ಬರೆದದ್ದು 4.7 ಘನ ಅಡಿ. ಅವಳು ಕಡ್ಡಿ ಹಿಡಿದು ಮಣ್ಣಿನ ಮೇಲೆಯೇ ಗುಣಿಸಿದಳು. ಸಿಲಿಂಡರಿನ ಗಾತ್ರದ ಸೂತ್ರದಂತೆ ಸುಮಾರು 6 ಘನ ಅಡಿ ಆಗಬೇಕು. ಮರವೊಂದಕ್ಕೆ ಒಂದೂಕಾಲು ಘನ ಅಡಿಗೂ ಮೇಲೆ ಎಲ್ಲಿ ಹೋಯಿತು?

"ಅಪ್ಪಾ, ಇವರ ಲೆಕ್ಕ ತಪ್ಪು" ಎಂದಳು.

ಗೌಡರ ಮುಖ ಬಿಗಿಯಿತು. ವ್ಯಾಪಾರಿ ಮಾತ್ರ ಸಿಟ್ಟಾಗಲಿಲ್ಲ. "ತಪ್ಪಲ್ಲಮ್ಮ. ಸುತ್ತಳತೆಗೆ ನಾಲ್ಕರಿಂದ ಭಾಗಿಸೋದು, ಬಂದದ್ದನ್ನ ಅದರಿಂದಲೇ ಗುಣಿಸೋದು, ಮತ್ತೆ ಉದ್ದದಿಂದ ಗುಣಿಸೋದು. ನಮ್ಮಪ್ಪನ ಕಾಲದಿಂದ ಇದೇ ಲೆಕ್ಕ. ಡಿಪೋದಲ್ಲಿ ಯಾರನ್ನ ಬೇಕಾದ್ರೂ ಕೇಳು" ಎಂದರು.

ಅವರು ಹೇಳಿದ್ದು ನಿಜ. ಅವರಪ್ಪನ ಕಾಲಕ್ಕಿಂತ ಬಹಳ ಹಿಂದಿನ ಲೆಕ್ಕ ಅದು. ಎಡ್ವರ್ಡ್ ಹಾಪಸ್ ಎಂಬ ಇಂಗ್ಲಿಷಿನವನು 1736ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಮೂಲಕ ಬಳಕೆಗೆ ಬಂದು, ಬ್ರಿಟಿಷರ ಜೊತೆ ನಮ್ಮ ನಾಟಾ ಡಿಪೋಗಳಿಗೂ ಇಳಿದು ಇಂದಿಗೂ ಉಳಿದಿದೆ. ವಿದ್ಯಾರ್ಥಿಗಳು ಇದನ್ನು ಒಂದು ದಾರ ಹಿಡಿದು ಪರೀಕ್ಷಿಸಬಹುದು. ದಾರವನ್ನು ವೃತ್ತವಾಗಿ ಇಟ್ಟರೆ ಒಳಗೆ ಸಿಗುವ ಜಾಗ ಹೆಚ್ಚು. ಅದೇ ದಾರವನ್ನು ಚೌಕ ಮಾಡಿದರೆ ಕಡಿಮೆ. ಎಷ್ಟು ಕಡಿಮೆ ಎಂದರೆ, ವೃತ್ತದ ಜಾಗ ನೂರಾದರೆ ಚೌಕದ್ದು ಎಪ್ಪತ್ತೆಂಟೂವರೆ. ಪೈ ಎಂಬ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದರೆ ಬರುವುದೂ ಅದೇ 0.785. ವ್ಯಾಪಾರಿ ದುಂಡುಮರವನ್ನು ಚೌಕದ ಲೆಕ್ಕದಲ್ಲಿ ಕೊಳ್ಳುತ್ತಾನೆ. ನೂರಕ್ಕೆ ಇಪ್ಪತ್ತೊಂದೂವರೆ ಪಾಲನ್ನು ತೊಗಟೆ, ಹೊರಬದಿಯ ಹಲಗೆ, ಗರಗಸದ ಹೊಟ್ಟು ಇವುಗಳ ಬಾಬ್ತು ಬಿಟ್ಟುಕೊಡುತ್ತಾನೆ. ಇದು ಮೋಸವಲ್ಲ, ಒಪ್ಪಿ ನಡೆದುಬಂದ ಪದ್ಧತಿ. ಆದರೆ ಮಾರುವವನಿಗೆ ಇದು ಗೊತ್ತಿಲ್ಲದೆ ಕೊಳ್ಳುವವನಿಗೆ ಮಾತ್ರ ಗೊತ್ತಿದ್ದರೆ ಅದಕ್ಕೆ ಏನೆನ್ನಬೇಕೋ. ಮರ ಬೆಳೆಸುವ ರೈತನ ಮಕ್ಕಳು ಕಲಿತಿರಲೇಬೇಕಾದ ಗಣಿತ ಇದು. ನಮ್ಮ ಪಠ್ಯಪುಸ್ತಕಗಳು ದುಂಡನೆಯ ತೊಟ್ಟಿಗೆ ನೀರು ತುಂಬಿಸುವುದರಲ್ಲೇ ಕಾಲ ಕಳೆಯುತ್ತವೆ.

ಲೆಕ್ಕದ ಜಗಳ ಅಲ್ಲಿಗೆ ಮುಗಿಯಿತು. ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಅರವತ್ತೂ ಮರಕ್ಕೆ ಒಟ್ಟು ಇಷ್ಟು ಎಂದು ವ್ಯಾಪಾರಿ ಹೇಳಿದ ಮೊತ್ತ ಗೌಡರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮೊತ್ತದ ಕಾಲುಪಾಲೂ ಇರಲಿಲ್ಲ. ಗೌಡರು ಮಾತಾಡಲಿಲ್ಲ. ಬಂದವರಿಗೆ ಮಜ್ಜಿಗೆ ಕೊಡಿಸಿ ಕಳುಹಿಸಿದರು. ಆ ರಾತ್ರಿ ಊಟ ಸೇರಲಿಲ್ಲ ಎಂಬುದು ಮನೆಯವರಿಗೆ ಮಾತ್ರ ಗೊತ್ತು.

ಮರುದಿನ ಅವರು ಕರೆಸಿದ್ದು ಊರಿನ ಆಚಾರ್ರನ್ನು. ಎಪ್ಪತ್ತು ದಾಟಿದವರು, ಆ ಸೀಮೆಯ ಅರ್ಧದಷ್ಟು ಮನೆಗಳ ಬಾಗಿಲು ಮಾಡಿದ ಕೈ. "ವ್ಯಾಪಾರಿ ನನ್ನ ತಲೆ ಬೋಳಿಸಕ್ಕೆ ನೋಡ್ತಾ ಇದಾನೆ ಆಚಾರ್ರೇ. ನೀವೇ ಒಂದು ಬೆಲೆ ಹೇಳಿ" ಎಂದರು ಗೌಡರು. ಆಚಾರ್ರು ಬೆಲೆ ಹೇಳಲಿಲ್ಲ. ಏಪ್ರಿಲಿನ ಗಾಳಿಮಳೆಗೆ ಸಾಲಿನ ಕೊನೆಯ ಮರವೊಂದು ಬುಡಮೇಲಾಗಿ ಬಿದ್ದಿತ್ತು. ಅದರ ಬಗ್ಗೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು, ಅವರು ಬಂದು ನೋಡಿಕೊಂಡೂ ಹೋಗಿದ್ದರು. ಆಚಾರ್ರು ಅದರ ಬುಡವನ್ನು ಗರಗಸದಿಂದ ಅಡ್ಡ ಕೊಯ್ಯಿಸಿ, ಮುಖವನ್ನು ಹತ್ತರಿಯಿಂದ ಕೀಸಿ ನಯ ಮಾಡಿ, ಒಂದು ತಂಬಿಗೆ ನೀರು ಸುರಿದರು.

ನೀರು ಬಿದ್ದದ್ದೇ ತಡ, ಚಿತ್ರ ಬಿಡಿಸಿದಂತೆ ಎಲ್ಲವೂ ಎದ್ದು ಕಂಡಿತು. ನಡುವೆ ಹೊಂಬಣ್ಣಕ್ಕೆ ತಿರುಗಿದ ಕಂದು ವರ್ತುಲ. ಅದರ ಸುತ್ತ ಬೆಳ್ಳಗಿನ ಬಳೆ. ಎರಡರಲ್ಲೂ ಒಂದರ ಸುತ್ತ ಒಂದರಂತೆ ಸಣ್ಣ ರೇಖೆಗಳು. ಪುಟ್ಟಿ ಮಂಡಿಯೂರಿ ಎಣಿಸಿದಳು: ಹದಿನೆಂಟು. 1994ರ ಮಳೆಗಾಲದಿಂದ 2011ರ ಮಳೆಗಾಲದವರೆಗೆ ಲೆಕ್ಕ ಸರಿಹೋಯಿತು. ಸಾಗುವಾನಿ ಎಲೆ ಉದುರಿಸಿ ನಿಂತಾಗ ಬೆಳವಣಿಗೆ ನಿಲ್ಲುತ್ತದೆ. ಮಳೆಗೆ ಮತ್ತೆ ಚಿಗುರಿದಾಗ ನೀರು ಏರಿಸಲು ಮೊದಲು ಅಗಲವಾದ ನಾಳಗಳನ್ನು ಕಟ್ಟುತ್ತದೆ, ಆಮೇಲೆ ಸಣ್ಣವನ್ನು. ಬರಿಗಣ್ಣಿಗೂ ಸೂಜಿ ಚುಚ್ಚಿದ ತೂತಿನಂತೆ ಕಾಣುವ ಆ ಅಗಲ ನಾಳಗಳ ಸಾಲೇ ವರ್ಷದ ಗುರುತು. ವರ್ಷವಿಡೀ ಹಸಿರಾಗಿರುವ ಹಲಸು, ಮಾವುಗಳಲ್ಲಿ ಇಷ್ಟು ಸ್ಪಷ್ಟವಾದ ಬಳೆಗಳು ಕಾಣುವುದಿಲ್ಲ.

ಮೊದಲ ಆರೇಳು ಬಳೆಗಳು ಬೆರಳಗಲ. ಆಮೇಲಿನವು ಒತ್ತೊತ್ತು. "ಇಲ್ಲಿಂದಾಚೆ ಒಂದಕ್ಕೊಂದು ಕೊಂಬೆ ತಾಗಿದಾವೆ ನೋಡಿ. ಅವತ್ತೇ ನಡುನಡುವಿನದ್ದನ್ನ ತೆಗೀಬೇಕಿತ್ತು" ಎಂದರು ಆಚಾರ್ರು. ಅರಣ್ಯ ಇಲಾಖೆಯವರು ನೆಡುವಾಗ ಒತ್ತಾಗಿ ನೆಡುತ್ತಾರೆ, ಗಿಡಗಳು ಪೈಪೋಟಿಯಿಂದ ನೆಟ್ಟಗೆ ಏಳಲಿ ಎಂದು. ಆದರೆ ವರ್ಷ ಕಳೆದಂತೆ ಬಡಕಲಾದವನ್ನು ಸರದಿಯಂತೆ ತೆಗೆಯುತ್ತಲೂ ಹೋಗುತ್ತಾರೆ. ಗೌಡರಿಗೂ ಯಾರೋ ಹೇಳಿದ್ದರು. ಮಗಳ ಹೆಸರಿನ ಗಿಡಕ್ಕೆ ಕತ್ತಿ ಹಾಕಲು ಮನಸ್ಸು ಬಂದಿರಲಿಲ್ಲ.

ನಡುವಿನ ಕಂದು ಭಾಗಕ್ಕೆ ಚೇಗು ಎಂದು ಹೆಸರು. ಮರದ ಬೆಲೆ ಇರುವುದೆಲ್ಲ ಅದರಲ್ಲಿ. ಹೊರಗಿನ ಬಿಳಿ ಪದರ ಜೀವಂತ. ಬೇರಿನ ನೀರು ಎಲೆಗೆ ಏರುವುದು ಅದರ ಮೂಲಕ, ಮರ ತನ್ನ ಪಿಷ್ಟವನ್ನು ಕೂಡಿಡುವುದೂ ಅಲ್ಲಿಯೇ. ವರ್ಷ ಕಳೆದಂತೆ ಒಳಗಿನ ಪದರಗಳ ಜೀವಕೋಶಗಳು ಸಾಯುತ್ತವೆ. ಸಾಯುವ ಮುಂಚೆ ಅವು ಪಿಷ್ಟವನ್ನೆಲ್ಲ ಬಳಸಿ ಬೇರೆ ರಾಸಾಯನಿಕಗಳನ್ನು ತಯಾರಿಸಿ ಸುತ್ತ ತುಂಬಿಸುತ್ತವೆ. ಸಾಗುವಾನಿಯಲ್ಲಿ ಹೀಗೆ ತುಂಬಿಕೊಳ್ಳುವ ವಸ್ತುಗಳಲ್ಲಿ ಟೆಕ್ಟೋಕ್ವಿನೋನ್ ಎಂಬುದೊಂದು. ಗೆದ್ದಲಿಗೆ ಅದು ಆಗದು. ರಬ್ಬರಿನಂಥ ಇನ್ನೊಂದು ವಸ್ತುವೂ ಇದೆ. ಹೊಸದಾಗಿ ಕೀಸಿದ ಸಾಗುವಾನಿಯ ಮೇಲೆ ಕೈಯಾಡಿಸಿದರೆ ಮೇಣ ಸವರಿದಂತೆ ಅನಿಸುವುದು, ನೀರು ಬೇಗ ಒಳಗಿಳಿಯದಿರುವುದು ಅದರಿಂದ. ಅಂದರೆ ಮರ ತನ್ನ ಸತ್ತ ಭಾಗವನ್ನು ತಾನೇ ಕೆಡದಂತೆ ಕಾಪಿಡುತ್ತದೆ. ಬಿಳಿ ಭಾಗದಲ್ಲಿ ಈ ಯಾವ ರಕ್ಷಣೆಯೂ ಇಲ್ಲ, ಇರುವುದು ಪಿಷ್ಟ. ಕುಟ್ಟೆ ಹುಳಕ್ಕೆ ಅದು ಹಬ್ಬದೂಟ. 'ಸಾಗುವಾನಿ ಮಂಚ' ಎಂದು ದುಬಾರಿ ಬೆಲೆ ಕೊಟ್ಟು ತಂದು, ಎರಡೇ ವರ್ಷದಲ್ಲಿ ಕಾಲಿನ ಕೆಳಗೆ ಹಿಟ್ಟು ಉದುರುವುದನ್ನು ಕಂಡವರು ಅಂಗಡಿಯವನನ್ನು ಬೈಯುವುದುಂಟು. ಮಂಚ ಸಾಗುವಾನಿಯದೇ, ಸುಳ್ಳಲ್ಲ. ಅದರ ಬಿಳಿ ಪದರದ್ದು, ಅಷ್ಟೆ.

ಆಚಾರ್ರು ಅಳತೆಕೋಲು ಇಟ್ಟು ತೋರಿಸಿದರು. ದಿಮ್ಮಿಯ ಅಡ್ಡಗಲ 9 ಅಂಗುಲ. ಬಿಳಿ ಪದರ ಸುತ್ತಲೂ ಒಂದೂವರೆ ಅಂಗುಲ. "ಒಂದೂವರೆ ಅಂಗುಲ ತಾನೇ? ಅದಕ್ಕೆ ಇಷ್ಟು ಬೆಲೆ ಇಳಿಸೋದಾ?" ಎಂದು ಗೌಡರ ಪ್ರಶ್ನೆ.

ಉತ್ತರ ಹೊಳೆದದ್ದು ಪುಟ್ಟಿಗೆ. ಸುತ್ತಲೂ ಒಂದೂವರೆ ಅಂಗುಲ ಹೋದರೆ ಚೇಗಿನ ಅಡ್ಡಗಲ 6 ಅಂಗುಲ. ವೃತ್ತದ ವಿಸ್ತೀರ್ಣ ಅಡ್ಡಗಲದ ವರ್ಗದಂತೆ ಏರುತ್ತದೆ. ಆರರ ವರ್ಗ 36, ಒಂಬತ್ತರದ್ದು 81. ಅಂದರೆ ಇಡೀ ದಿಮ್ಮಿಯಲ್ಲಿ ಚೇಗು ನೂರಕ್ಕೆ 44 ಪಾಲು ಮಾತ್ರ. ತೆಳ್ಳಗೆ ಕಾಣುವ ಬಿಳಿ ಬಳೆ ಅರ್ಧಕ್ಕಿಂತ ಹೆಚ್ಚು ಮರವನ್ನು ತಿಂದಿತ್ತು. ವ್ಯಾಪಾರಿ ತಲೆ ಬೋಳಿಸಿರಲಿಲ್ಲ. ಅವರು ಕೊಡಲು ಬಂದದ್ದು ಚೇಗಿನ ಬೆಲೆಯನ್ನು.

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಇದೇ ಮರ 18 ಅಂಗುಲ ಅಡ್ಡಗಲಕ್ಕೆ ಬೆಳೆದರೆ? ಬಿಳಿ ಪದರ ಮರದ ಜೊತೆ ಅಷ್ಟೇ ದಪ್ಪವಾಗುತ್ತ ಹೋಗುವುದಿಲ್ಲ, ಹೆಚ್ಚುಕಡಿಮೆ ಅದೇ ಅಳತೆಯಲ್ಲಿ ಉಳಿಯುತ್ತದೆ ಎಂದು ಆಚಾರ್ರು ಹೇಳಿದರು. ಹಾಗಾದರೆ ಚೇಗು 15 ಅಂಗುಲ. ಹದಿನೈದರ ವರ್ಗ 225, ಹದಿನೆಂಟರದ್ದು 324. ನೂರಕ್ಕೆ ಸುಮಾರು 69. ದಿಮ್ಮಿ ನಾಲ್ಕು ಪಟ್ಟು, ಚೇಗು ಆರು ಪಟ್ಟಿಗೂ ಮೇಲೆ. "ಅಷ್ಟಾಗಕ್ಕೆ ಎಷ್ಟು ವರ್ಷ ಬೇಕು ಅಜ್ಜ?" ಎಂದು ಕೇಳಿದಳು. "ನಿನ್ನ ಮೊಮ್ಮಕ್ಕಳ ಮದುವೆಗಲ್ಲ, ಮಕ್ಕಳ ಮದುವೆಗಾದ್ರೂ ಆದೀತು ಪುಟ್ಟೀ" ಎಂದು ಆಚಾರ್ರು ನಕ್ಕರು. ಅದು ತಮಾಷೆಯಾದರೂ ಉತ್ಪ್ರೇಕ್ಷೆಯಲ್ಲ. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಆಗಿದ್ದ ಕನೋಲಿ ನೀಲಂಬೂರಿನಲ್ಲಿ ಸಾಗುವಾನಿ ನೆಡಿಸಿದಾಗ ಫಲ ಕಾಣುವುದು ಮುಂದಿನ ತಲೆಮಾರೆಂದು ತಿಳಿದೇ ನೆಡಿಸಿದ್ದು. ಅರಣ್ಯ ಇಲಾಖೆಗಳ ನೆಡುತೋಪುಗಳಲ್ಲಿ ಕೊನೆಯ ಕಡಿತಕ್ಕೆ ಐವತ್ತು ವರ್ಷಕ್ಕೂ ಮೇಲೆ ಕಾಯುವುದು ರೂಢಿ. 'ಇಪ್ಪತ್ತು ವರ್ಷ' ಎಂಬುದು ಜಾಹೀರಾತು ಬರೆದವರ ಲೆಕ್ಕ, ಮರದ್ದಲ್ಲ.

ಗೌಡರಿಗೆ ಇದು ಮನಸ್ಸಿಗೆ ಇಳಿದದ್ದು ವರ್ಗದ ಲೆಕ್ಕದಿಂದಲ್ಲ. ಜಗಲಿಯಲ್ಲಿದ್ದ ಅವರಪ್ಪನ ಮೇಜಿನಿಂದ. ಹಿಂದೆ ಸರ್ಕಾರಿ ನಾಟಾ ಡಿಪೋದ ಹರಾಜಿನಲ್ಲಿ ಹಿಡಿದ ಹಳೆಯ ಕಾಡುಮರದ್ದು. ಆಚಾರ್ರ ತಂದೆ ಮಾಡಿದ್ದು. ಅರವತ್ತು ಮಳೆಗಾಲ ಜಗಲಿಯ ಎರಚಲು ತಿಂದಿದ್ದರೂ ಅದರ ಖಾನೆ ಇಂದಿಗೂ ಒಂದು ಬೆರಳಿಗೆ ಸರಿಯುತ್ತಿತ್ತು. ಆಚಾರ್ರು ಆ ಖಾನೆಯನ್ನು ಪೂರ್ತಿ ಎಳೆದು ತೆಗೆದು, ತಿರುವಿ ಹಾಕಿ, "ಎಲ್ಲಾದ್ರೂ ಒಂದು ಗೆರೆ ಬಿಳಿ ಇದೆಯಾ ನೋಡಿ ಗೌಡ್ರೇ" ಎಂದರು. ಇರಲಿಲ್ಲ.

ಖಾನೆ ಅಷ್ಟು ಸಲೀಸಾಗಿ ಸರಿಯುತ್ತಿದ್ದುದಕ್ಕೆ ಕಾರಣವಿದೆ. ಸಾಗುವಾನಿಯ ನಿಜವಾದ ಹಿರಿಮೆಯೂ ಅದೇ. ಗಟ್ಟಿಮರ ಎಂದು ಅದನ್ನು ಕರೆಯುತ್ತೇವಾದರೂ ಗಟ್ಟಿತನದಲ್ಲಿ ಅದು ಮೊದಲನೆಯದಲ್ಲ. ಮತ್ತಿಯ ಮುಂದೆ, ಬೀಟೆಯ ಮುಂದೆ ಮೆದುವೇ. ಒಣಗಿದ ಸಾಗುವಾನಿ ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಬೀಟೆ ಸುಮಾರು 850 ತೂಗುತ್ತದೆ. ಸಸ್ಯಶಾಸ್ತ್ರಜ್ಞರ 'ಹಾರ್ಡ್‌ವುಡ್' ಎಂಬ ಮಾತಿಗಂತೂ ಗಟ್ಟಿತನದ ಸಂಬಂಧವೇ ಇಲ್ಲ. ಅಗಲ ಎಲೆಯ ಮರಗಳಿಗೆಲ್ಲ ಅವರು ಹಾಗೆನ್ನುತ್ತಾರೆ. ಉಗುರಿನಲ್ಲಿ ಗೀರು ಬೀಳುವ ಬಾಲ್ಸಾ ಕೂಡ ಆ ಲೆಕ್ಕದಲ್ಲಿ ಹಾರ್ಡ್‌ವುಡ್ಡೇ!

ಸಾಗುವಾನಿಯ ಗುಣ ಎಂದರೆ ಅದು ಅಲುಗುವುದಿಲ್ಲ. ಕಡಿದ ಮೇಲೂ ಮರ ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ಗಾಳಿಯ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿಟ್ಟುಕೊಟ್ಟು ಕುಗ್ಗುತ್ತದೆ. ಆಷಾಢದಲ್ಲಿ ಬಿಗಿಯುವ ಬಾಗಿಲು ಚೈತ್ರದಲ್ಲಿ ಸಡಿಲವಾಗುವುದು ಎಲ್ಲರ ಮನೆಯ ಅನುಭವ. ಉದ್ದಕ್ಕೆ ಮರ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು. ಅಗಲಕ್ಕೆ ಹೆಚ್ಚು; ಅದರಲ್ಲೂ ಬಳೆಗಳ ಗುಂಟ ಕುಗ್ಗುವುದು ಬಳೆಗೆ ಅಡ್ಡಲಾಗಿ ಕುಗ್ಗುವುದರ ಸುಮಾರು ಎರಡರಷ್ಟು. ಹಲಗೆ ಡೊಂಕಾಗುವುದು, ದಿಮ್ಮಿ ಸೀಳುವುದು ಈ ಅಸಮಾನತೆಯಿಂದ. ಹಸಿಯಿಂದ ಪೂರ್ತಿ ಒಣಗುವವರೆಗೆ ಸಾಗುವಾನಿ ಒಂದು ಕಡೆಗೆ ನೂರಕ್ಕೆ ಎರಡೂವರೆ, ಇನ್ನೊಂದು ಕಡೆಗೆ ಐದರ ಆಸುಪಾಸು ಕುಗ್ಗುತ್ತದೆ. ಬಹುಪಾಲು ಮರಗಳಿಗೆ ಹೋಲಿಸಿದರೆ ಇದು ತೀರ ಕಡಿಮೆ. ಇದರ ಜೊತೆಗೆ ಬಲ ಸಾಕಷ್ಟು, ತೂಕ ಮಿತ, ಉಳಿಗೆ ಒಗ್ಗುತ್ತದೆ. ಕೋಶಗಳಲ್ಲಿ ಮರಳಿನ ಅಂಶ ಇರುವುದರಿಂದ ಹತ್ತರಿಯ ಅಲಗು ಬೇಗ ಮೊಂಡಾಗುವುದೊಂದೇ ಬಡಗಿಗಳ ದೂರು. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದ ಮರಗಳಿಗೆ ಗುಣಕ್ಕೆ ತಕ್ಕಂತೆ ಅಂಕ ಕೊಡುವಾಗ ಸಾಗುವಾನಿಗೆ ಎಲ್ಲ ವಿಷಯದಲ್ಲೂ 100 ಎಂದು ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೋಲಿಸಿ ಅಳೆದರು. ತರಗತಿಯಲ್ಲಿ ಪ್ರತಿ ವಿಷಯದಲ್ಲೂ ಮೊದಲಿಗನಲ್ಲದಿದ್ದರೂ ಎಲ್ಲದರಲ್ಲೂ ಚೆನ್ನಾಗಿರುವ ಹುಡುಗನೊಬ್ಬ ಇರುತ್ತಾನಲ್ಲ, ಹಾಗೆ. ಬ್ರಿಟಿಷ್ ನೌಕಾಪಡೆಗಾಗಿ ಮುಂಬಯಿಯ ವಾಡಿಯಾಗಳು ಮಲಬಾರಿನ ಸಾಗುವಾನಿಯಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಈಗಲೂ ತೇಲುತ್ತಿದೆ. ಅವರ ಓಕ್ ಮರದಲ್ಲಿನ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತಿತ್ತು. ಸಾಗುವಾನಿಯಲ್ಲಿ ಮೊಳೆ ಉಳಿಯುತ್ತಿತ್ತು.

ಎಳೆಯ ಮರ ಎಂದರೆ ಕೆಲಸಕ್ಕೆ ಬಾರದ್ದು ಎಂದು ಇಷ್ಟರಿಂದ ತಿಳಿಯಬೇಕಿಲ್ಲ. ಇಪ್ಪತ್ತು ವರ್ಷದ ಸಾಗುವಾನಿ ಬಲದಲ್ಲಿ ಮುದಿಮರಕ್ಕಿಂತ ಬಹಳ ಹಿಂದೇನೂ ಬೀಳುವುದಿಲ್ಲ. ಹಿಂದೆ ಬೀಳುವುದು ಬಾಳಿಕೆಯಲ್ಲಿ, ಬಣ್ಣದಲ್ಲಿ, ಹಲಗೆಯ ಅಗಲದಲ್ಲಿ.

ಜೂನಿನಲ್ಲಿ ಸಿಇಟಿ ಫಲಿತಾಂಶ ಬಂತು, ಸೀಟೂ ಸಿಕ್ಕಿತು. ಮರ ಕಡಿಸುವುದೋ ಬಿಡುವುದೋ ಎಂಬ ಮಾತು ಮನೆಯಲ್ಲಿ ಎರಡು ವಾರ ನಡೆಯಿತು. ಗೌಡರ ಹೆಂಡತಿ ಕಡಿಸಿಬಿಡಿ ಎಂದರು. ಸಿಕ್ಕಷ್ಟು ಸಿಗಲಿ, ಸಾಲದ ಹೊರೆ ಬೇಡ. ಅವರ ಮಾತಿನಲ್ಲಿ ಅರ್ಥವಿರಲಿಲ್ಲವೆಂದಲ್ಲ. ಅಡಿಕೆಗೆ ಕೊಳೆ ಬಂದ ವರ್ಷ ಸಾಲವೆಂದರೆ ಏನೆಂದು ಆಕೆ ಕಂಡವರು. ಕಡೆಗೆ ಪುಟ್ಟಿಯೇ ಬ್ಯಾಂಕಿಗೆ ಹೋಗಿ ವಿಚಾರಿಸಿ ಬಂದಳು. ಆಗ 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯನ್ನು ಒತ್ತೆ ಇಡಬೇಕಿರಲಿಲ್ಲ, ತಂದೆತಾಯಿಯರ ಸಹಿ ಸಾಕಾಗಿತ್ತು. ಸಹಿ ಹಾಕುವಾಗ ತಾಯಿ, "ಮರ ನಿನ್ನ ಓದಿಸ್ತಾವೆ ಅಂದ್ಕೊಂಡಿದ್ವಿ. ಈಗ ನೀನೇ ಮರ ಉಳಿಸಕ್ಕೆ ಸಾಲ ಮಾಡ್ತಿದೀಯಲ್ಲೇ" ಎಂದರಂತೆ.

ಮರಗಳಿಗೆ ಪೂರ್ತಿ ಮಾಫಿಯೇನೂ ಸಿಗಲಿಲ್ಲ. ನಿಂತಿದ್ದ ಐವತ್ತೊಂಬತ್ತರಲ್ಲಿ ಬಡಕಲಾದವು, ಡೊಂಕು ಬಂದವು, ಬೇರೆ ಮರದ ನೆರಳಿಗೆ ಬಿದ್ದವು ಎಂದು ಇಪ್ಪತ್ತೈದಕ್ಕೆ ಆಚಾರ್ರು ಸುಣ್ಣದ ಗುರುತು ಹಾಕಿದರು. ಸ್ವಂತ ಜಮೀನಿನಲ್ಲಿ ತಾನೇ ನೆಟ್ಟ ಸಾಗುವಾನಿಯಾದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ರಹದಾರಿ ಬೇಕು. ಅರ್ಜಿ, ಪಹಣಿ, ನಕಾಶೆ ಎಂದು ಗೌಡರು ನಾಲ್ಕಾರು ಸಲ ಓಡಾಡಿದರು. ಕಡಿತ ನಡೆದದ್ದು 2013ರ ಜನವರಿಯಲ್ಲಿ. ಕೃಷ್ಣಪಕ್ಷದಲ್ಲೇ ಕಡಿಯಬೇಕು, ಆಗ ಕುಟ್ಟೆ ಹೊಡೆಯುವುದಿಲ್ಲ ಎಂದು ಆಚಾರ್ರ ಪಟ್ಟು. ಪಿಷ್ಟವಿರುವ ಕಡೆಗೆ ಬರುವ ಹುಳ ಪಂಚಾಂಗ ನೋಡಿಕೊಂಡು ಬರುವುದಿಲ್ಲ. ಆದರೂ ಎಪ್ಪತ್ತು ದಾಟಿದವರ ಮಾತು, ನಡೆಸಿಕೊಟ್ಟರು. ಹೆಚ್ಚಿನ ದಿಮ್ಮಿಗಳು ಅದೇ ವ್ಯಾಪಾರಿಗೆ ಹೋದವು. ಈ ಸಲ ಸುತ್ತಳತೆಯ ಪುಸ್ತಕ ಇಬ್ಬರ ಕೈಯಲ್ಲೂ ಇತ್ತು. ಬಂದ ಹಣ ಒಂದು ವರ್ಷದ ಹಾಸ್ಟೆಲಿಗೆ ಆಯಿತು.

ಮೂರು ದಿಮ್ಮಿಗಳನ್ನು ಮನೆಗೆ ಇಟ್ಟುಕೊಂಡರು. ಹೈಸ್ಕೂಲಿನಲ್ಲಿದ್ದ ತಮ್ಮನಿಗೆ ಓದುವ ಮೇಜು ಬೇಕಿತ್ತು. ಅಜ್ಜನ ಮೇಜಿಗಾಗಿ ಅಕ್ಕ ತಮ್ಮಂದಿರ ಜಗಳ ಆ ಮನೆಯಲ್ಲಿ ನಿತ್ಯದ್ದು. ಸಾಮಿಲ್ಲಿನಲ್ಲಿ ಹಲಗೆ ಕೊಯ್ಯಿಸಿ, ಕೊಟ್ಟಿಗೆಯ ಅಟ್ಟದ ಮೇಲೆ ಒಂದರ ಮೇಲೊಂದು, ನಡುವೆ ಗಾಳಿಯಾಡಲು ರೀಪು ಕೊಟ್ಟು ಪೇರಿಸಿದರು. ಒಂದು ಮಳೆಗಾಲ, ಎರಡು ಬೇಸಿಗೆ ಹಾಗೆಯೇ ಬಿಟ್ಟರು. ಹುಡುಗನಿಗೆ ತಾಳ್ಮೆ ಇಲ್ಲ, ಬಿಸಿಲಿಗೆ ಇಟ್ಟರೆ ಬೇಗ ಒಣಗುತ್ತದಲ್ಲ ಎಂದು ದಿನಾ ರಗಳೆ. ಬಿಸಿಲಿಗಿಟ್ಟರೆ ಮೇಲ್ಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿಯಿರುತ್ತದೆ. ಆಗ ಸೀಳು ಬಿಡುವುದೇ ಸೈ.

2014ರ ಬೇಸಿಗೆಯಲ್ಲಿ ಮೇಜು ಆಯಿತು. ಆಚಾರ್ರ ಕೈ ನಡುಗುತ್ತಿತ್ತು, ಉಳಿ ಹಿಡಿದದ್ದು ಅವರ ಮಗ. ಚೇಗಿನ ಹಲಗೆಗಳೆಲ್ಲ ನಾಲ್ಕೈದು ಅಂಗುಲ ಅಗಲದವು. ಐದನ್ನು ಜೋಡಿಸಿ ಮೇಲ್ಭಾಗ ಮಾಡಿದರು. ಕಾಲಿಗೆ ತೂತು ಕೊರೆದು ಅಡ್ಡಪಟ್ಟಿಯ ತುದಿಯನ್ನು ಕೂರಿಸಿ, ಬಿದಿರಿನ ಆಣಿ ಹೊಡೆದರು. ಮೇಲಿನ ಹಲಗೆಗೆ ಮಾತ್ರ ಸುತ್ತ ಅಂಟು ಹಾಕಲಿಲ್ಲ, ಮೊಳೆಯನ್ನೂ ಹೊಡೆಯಲಿಲ್ಲ. ಒಳಗಿನಿಂದ ಪುಟ್ಟ ಮರದ ತುಂಡುಗಳನ್ನು ಸ್ಕ್ರೂ ಹಾಕಿ, ಅವುಗಳ ತುದಿ ಅಡ್ಡಪಟ್ಟಿಯ ಗೀರಿನಲ್ಲಿ ಆಚೀಚೆ ಸರಿಯುವಂತೆ ಬಿಟ್ಟರು. "ಮಳೆಗಾಲದಲ್ಲಿ ಅದಕ್ಕೆ ಮೈ ಮುರಿಯಕ್ಕೆ ಜಾಗ ಬೇಕಲ್ಲ" ಎಂದರು ಪಕ್ಕದಲ್ಲಿ ಕುಳಿತಿದ್ದ ಹಿರಿಯ ಆಚಾರ್ರು. ಉಳಿದ ಬಿಳಿ ಹಲಗೆಗಳನ್ನೂ ಎಸೆಯಲಿಲ್ಲ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಕದಡಿದ ನೀರಿನಲ್ಲಿ ನೆನೆಸಿ ಒಣಗಿಸಿ, ಖಾನೆಯ ತಳಕ್ಕೂ ಹಿಂಬದಿಗೂ ಹಾಕಿದರು. ಕೊನೆಗೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶು. ಅಜ್ಜನ ಮೇಜಿನ ಪಕ್ಕದಲ್ಲಿಟ್ಟರೆ ಹೊಸದು ತುಸು ಪೇಲವವಾಗಿಯೇ ಕಂಡಿತು. ಹುಡುಗನಿಗೆ ಅದರ ಪರಿವೆ ಇರಲಿಲ್ಲ. ಎರಡೇ ದಿನದಲ್ಲಿ ಕೈವಾರದ ಮೊನೆಯಿಂದ ಒಳಬದಿಯಲ್ಲಿ ತನ್ನ ಹೆಸರು ಕೆತ್ತಿ ಬೈಸಿಕೊಂಡ.

ಪುಟ್ಟಿಯ ಸಾಲ ಅವಳ ಸಂಬಳದಿಂದಲೇ ತೀರಿತು. ಉಳಿದ ಮೂವತ್ತನಾಲ್ಕು ಮರಗಳಿಗೆ ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಬಿಳಿ ಬಣ್ಣದ ಪಟ್ಟೆ ಬಳಿದಿದೆ. ದೀಪಾವಳಿಗೆ ಊರಿಗೆ ಬಂದಾಗ ಅವಳು ಪಟ್ಟೆಯ ಮೇಲೆಯೇ ಟೇಪು ಸುತ್ತುತ್ತಾಳೆ, ಗೌಡರು ಕನ್ನಡಕ ಏರಿಸಿ ಬರೆದುಕೊಳ್ಳುತ್ತಾರೆ. ಏಳನೆಯ ಮರ 2012ರಲ್ಲಿ 29 ಅಂಗುಲ ಇತ್ತು. 2024ರ ದೀಪಾವಳಿಯಂದು 44. ಅದೇ ವ್ಯಾಪಾರಿಯ ಮಗ ಆ ವರ್ಷ ಬೈಕಿನಲ್ಲಿ ಬಂದು ವಿಚಾರಿಸಿ ಹೋದ. ಗೌಡರು ಮಜ್ಜಿಗೆ ಕೊಡಿಸಿ ಕಳುಹಿಸಿದರು.